ಅರ್ಧ ಬಾಟಲಿ ಎಲ್ಲಿ ಹೋಯಿತು?

ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ, ಎಣಿಸಲಾರದಷ್ಟು ಕಾಗುಣಿತದ ತಪ್ಪುಗಳಿಗೆ ಕೆಂಪು ಗೆರೆ ಎಳೆದು, ಹಾರ ಹಾಕಿಸಿಕೊಂಡು ನಿವೃತ್ತನಾದ ನನ್ನಂಥವನಿಗೆ ಆಸ್ಪತ್ರೆಯ ಬಿಲ್ಲು ತುಂಬುವುದು ಯಾವ ಮಹಾ ಕೆಲಸ? ಹೆಸರು, ವಯಸ್ಸು, ಔಷಧ, ಮೊತ್ತ. ಕೆಳಗೊಂದು ಸಹಿ. ಮುಗಿಯಿತು!

ಹೀಗಂತ ನಾನು ತಿಳಿದಿದ್ದೆ.

ನಿಜ ಹೇಳಬೇಕೆಂದರೆ, ಈ ಕೆಲಸವನ್ನು ನಾನು ಹುಡುಕಿಕೊಂಡು ಹೋದವನಲ್ಲ. ನಿವೃತ್ತಿಯಾದ ಮೂರು ತಿಂಗಳು ಮನೆಯಲ್ಲಿ ಕುಳಿತು ನನ್ನ ಹೆಂಡತಿ ಮಹಾದೇವಿಗೆ ಉಳ್ಳಾಗಡ್ಡಿ ಹೆಚ್ಚುವ ಶಾಸ್ತ್ರೀಯ ವಿಧಾನ, ರೊಟ್ಟಿ ತಟ್ಟುವಾಗ ಮಣಿಕಟ್ಟು ಇರಬೇಕಾದ ಕೋನ ಮುಂತಾದವನ್ನು ಉಚಿತವಾಗಿ ಬೋಧಿಸುತ್ತಿದ್ದೆ. ಆಕೆ ಒಂದು ದಿನ ಸೀರೆಯ ಸೆರಗು ಸರಿಮಾಡಿಕೊಂಡು ನೇರವಾಗಿ ಡಾಕ್ಟರ್ ಸಂತೋಷನ ಬಳಿ ಹೋದಳು. ಸಂತೋಷ ನನ್ನ ಹಳೆಯ ವಿದ್ಯಾರ್ಥಿ. ಗೋಕಾಕದಲ್ಲಿ ಕೀಲುಬೇನೆಯ ಸಣ್ಣ ಆಸ್ಪತ್ರೆ ನಡೆಸುತ್ತಾನೆ. ಆಕೆ ಮಾತ್ರೆ ಕೇಳಲು ಹೋಗಿರಲಿಲ್ಲ.

"ಸಂತೋಷಪ್ಪಾ, ನಿಮ್ಮ ಸರಗ ಎಲ್ಲ್ಯಾರ ಒಂದ ಖುರ್ಚಿ ಕೊಡು. ಬೆಳಿಗ್ಗಿ ಹತ್ತರಿಂದ ಸಂಜಿ ಐದರ ತನಕ ಅಲ್ಲೇ ಇರ್ಲಿ" ಎಂದಳಂತೆ.

ಸಂತೋಷ ಮರುದಿನವೇ ನನ್ನನ್ನು ಕರೆಸಿದ. "ಸರ, ವಿಮಾ ಕಂಪನಿಗೆ ಬಿಲ್ ಕಳಸೂ ಕೆಲಸ ಐತ್ರಿ. ತಪ್ಪಿಲ್ಲದಂಗ ಬರ್ಯಾವರು ಬೇಕಾಗಿದ್ರು. ನಿಮ್ಮನ್ನ ಬಿಟ್ಟರ ಯಾರದಾರ?"

ಎಂಟನೆಯ ಇಯತ್ತೆಯಲ್ಲಿ 'ಹೃದಯ' ಎಂಬ ಪದವನ್ನು ಮೂರು ಬಗೆಯಲ್ಲಿ ಬರೆದು ಮೂರನ್ನೂ ತಪ್ಪು ಮಾಡಿದ್ದ ಹುಡುಗ ಈಗ ನನ್ನ ಅಕ್ಷರಜ್ಞಾನವನ್ನು ಹೊಗಳುತ್ತಿದ್ದಾನೆ! ನನ್ನ ಎದೆ ಎರಡು ಇಂಚು ಉಬ್ಬಿತು. ಒಪ್ಪಿಕೊಂಡೆ.

ಮೊದಲ ತಿಂಗಳು ಎಲ್ಲ ಸುಸೂತ್ರವಾಗಿತ್ತು. ಎರಡನೆಯ ತಿಂಗಳು ಶೋಭಾಳ ಬಿಲ್ಲು ಬಂತು.

ಶೋಭಾ ಮೂಡಲಗಿಯವಳು. ವಯಸ್ಸು ನಲವತ್ತೊಂದು. ಬ್ಲೌಸು ಹೊಲಿಯುವ ಅಂಗಡಿ. ಮೂಡಲಗಿಯಿಂದ ಮಸಗುಪ್ಪಿಯವರೆಗಿನ ಮದುವಣಗಿತ್ತಿಯರ ಬ್ಲೌಸುಗಳಲ್ಲಿ ಅರ್ಧದಷ್ಟು ಆಕೆಯ ಕೈಯವೇ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಆದರೆ ಎರಡು ವರ್ಷಗಳ ಹಿಂದೆ ಆಕೆಯ ಬೆರಳಿನ ಕೀಲುಗಳು ಬಾತುಕೊಳ್ಳತೊಡಗಿದವು. ಮುಂಜಾನೆ ಎದ್ದರೆ ಮುಷ್ಟಿ ಬಿಗಿಯಲು ಬಾರದು. ಆಮೇಲೆ ಸೂಜಿಗೆ ದಾರ ಪೋಣಿಸಲು ಆಗದು. ಕೊನೆಗೆ ಕತ್ತರಿ ಹಿಡಿಯಲೂ ಆಗದೆ ಅಂಗಡಿಯ ಶಟರು ಅರ್ಧಕ್ಕೆ ಇಳಿಯಿತು. ಗಂಡ ದುಡಿಯುವ ಕಾರ್ಖಾನೆಯ ಕಡೆಯಿಂದ ವಿಮೆ ಇತ್ತು. ಅದರ ಬಲದ ಮೇಲೆ ಸಂತೋಷ ಎಂಟು ವಾರಕ್ಕೊಮ್ಮೆ ಒಂದು ದುಬಾರಿ ಇಂಜೆಕ್ಷನ್ನು ಕೊಡಲು ಶುರುಮಾಡಿದ. ಮೂರು ಸಲ ಕೊಟ್ಟ ಮೇಲೆ ಆಕೆ ಮತ್ತೆ ಕತ್ತರಿ ಹಿಡಿದಿದ್ದಳು. ಆ ಮೂರನೆಯ ಇಂಜೆಕ್ಷನ್ನಿನ ಬಿಲ್ಲೇ ನನ್ನ ಮೇಜಿಗೆ ಬಂದದ್ದು.

ಈ ಔಷಧ ಪುಡಿಯ ರೂಪದಲ್ಲಿ ಪುಟ್ಟ ಬಾಟಲಿಯಲ್ಲಿ ಬರುತ್ತದೆ. ಎಷ್ಟು ಕೊಡಬೇಕೆಂಬುದು ರೋಗಿಯ ತೂಕದ ಮೇಲೆ. ಶೋಭಾಳ ತೂಕಕ್ಕೆ ಬೇಕಾಗಿದ್ದು ಸರಿಯಾಗಿ ಒಂದೂವರೆ ಬಾಟಲಿ. ಅಂಗಡಿಯಲ್ಲಿ ಅರ್ಧ ಬಾಟಲಿ ಮಾರುವುದಿಲ್ಲ, ಎರಡು ತರಲೇಬೇಕು. ಒಮ್ಮೆ ನೀರು ಬೆರೆಸಿದರೆ ಇಟ್ಟುಕೊಳ್ಳುವಂತಿಲ್ಲ. ಉಳಿದ ಅರ್ಧ ಔಷಧದ ಕಸದ ಹಳದಿ ಬಕೆಟ್ಟಿಗೆ. ಇದನ್ನೆಲ್ಲ ನನಗೆ ವಿವರಿಸಿದವರು ಸುವರ್ಣಾ ಸಿಸ್ಟರ್. ಆಸ್ಪತ್ರೆಯ ಹಿರಿಯ ನರ್ಸು. ಮಾತು ಕಡಿಮೆ, ನೋಟ ಜಾಸ್ತಿ.

ಕಂಪ್ಯೂಟರಿನ ಫಾರ್ಮಿನಲ್ಲಿ 'ಬಳಸಿದ್ದು' ಎಂಬಲ್ಲಿ ಒಂದೂವರೆ ಎಂದು ತುಂಬಿದೆ. ಮುಂದಿನ ಪ್ರಶ್ನೆ, 'ಬಳಸದೆ ಉಳಿದದ್ದು ಏನಾಯಿತು?' ಅದಕ್ಕೆ ಕೋಡುಗಳ ಒಂದು ಪಟ್ಟಿ ಇಳಿಬಿದ್ದಿತು. ಪಟ್ಟಿಯಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದ ಪದ 'ವೇಸ್ಟ್'. ಅರ್ಧ ಬಾಟಲಿ ವೇಸ್ಟ್ ಆಗಿದ್ದು ಸತ್ಯ. ನಾನು ಸತ್ಯವಂತ. ಒತ್ತಿದೆ. ಅದರ ಮುಂದೆಯೂ ಕೆಳಗೂ ಇನ್ನೇನೇನೋ ಬರೆದಿತ್ತು. ಓದಲಿಲ್ಲ. 'ಪ್ರಶ್ನೆಯನ್ನು ಪೂರ್ತಿ ಓದಿ ಉತ್ತರಿಸಿರಿ' ಎಂದು ಮೂವತ್ತೆರಡು ವರ್ಷ ಬೋರ್ಡಿನ ಮೇಲೆ ಬರೆದವನು ನಾನೇ!

ನಾಲ್ಕು ವಾರದ ನಂತರ ಕಂಪನಿಯಿಂದ ಉತ್ತರ ಬಂತು. ಕ್ಲೇಮು ತಿರಸ್ಕೃತ. 'ಆಸ್ಪತ್ರೆಯ ಅಜಾಗರೂಕತೆಯಿಂದ ಬಾಟಲಿ ಬಿದ್ದು ಒಡೆದು ಹಾಳಾದ ಔಷಧಕ್ಕೆ ಕಂಪನಿ ಹೊಣೆಯಲ್ಲ. ಬಾಟಲಿ ಹೇಗೆ ಒಡೆಯಿತು, ಯಾರು ಒಡೆದರು ವಿವರಿಸಿ. ಅಲ್ಲಿಯವರೆಗೆ ಮುಂದಿನ ಇಂಜೆಕ್ಷನ್ನಿಗೆ ಮಂಜೂರಾತಿ ಇಲ್ಲ.'

ಕೊನೆಯ ವಾಕ್ಯ ಓದಿ ಗೋಡೆಯ ಕ್ಯಾಲೆಂಡರು ನೋಡಿದೆ. ಶೋಭಾಳ ಮುಂದಿನ ಇಂಜೆಕ್ಷನ್ನಿಗೆ ಇನ್ನು ನಾಲ್ಕೇ ವಾರ.

ಆದರೂ ಧೈರ್ಯಗೆಡಲಿಲ್ಲ. ವಿವರಣೆ ಕೇಳಿದ್ದಾರೆ. ವಿವರಣೆ ಎಂದರೆ ಬರವಣಿಗೆ. ಬರವಣಿಗೆ ಎಂದರೆ ನಾನು! ಕನ್ನಡದಲ್ಲಿಯೇ ಮೂರು ಪುಟದ ಪತ್ರ ಬರೆದೆ. 'ಮಾನ್ಯರೇ, ಬಾಟಲಿಯು ಒಡೆದಿರುವುದಿಲ್ಲ. ಅದು ಅಖಂಡವಾಗಿಯೇ ಇದ್ದಿತು. ರೋಗಿಯ ದೇಹಕ್ಕೆ ಸಲ್ಲಬೇಕಾದಷ್ಟು ಔಷಧವು ಸಂದ ಬಳಿಕ, ಉಳಿದ ಅರ್ಧಭಾಗವು ತನ್ನ ಕರ್ತವ್ಯಕ್ಕೆ ಅವಕಾಶ ದೊರೆಯದೆ ಪಂಚಭೂತಗಳಲ್ಲಿ ಲೀನವಾಯಿತು' ಎಂದು ಶುರುಮಾಡಿದೆ. ಓದಿ ಕೇಳಿಸಿದಾಗ ಸುವರ್ಣಾ ಸಿಸ್ಟರ್ ಸುಮ್ಮನೆ ನನ್ನನ್ನು ನೋಡಿದರು. ಮೆಚ್ಚಿಕೊಂಡರು ಎಂದು ತಿಳಿದೆ.

ಕಂಪನಿಯ ಕಚೇರಿಯಲ್ಲಿ ಕನ್ನಡ ಬಲ್ಲವರಿದ್ದರು. ಅದೇ ಮುಳುವಾಯಿತು. ಮೂರು ಪುಟಕ್ಕೆ ಒಂದೇ ಸಾಲಿನ ಉತ್ತರ: 'ಲೀನವಾದದ್ದಕ್ಕೆ ಪುರಾವೆ ಕಳುಹಿಸಿ.'

ಪುರಾವೆ! ಒಂದೂವರೆ ತಿಂಗಳ ಹಿಂದೆ ಬಕೆಟ್ಟಿಗೆ ಹೋದದ್ದನ್ನು ಎಲ್ಲಿಂದ ತರಲಿ? ಆಗ ದೈವವೇ ಕಳಿಸಿದಂತೆ ಹುಕ್ಕೇರಿಯ ಈರಪ್ಪ ಕಾಕಾ ಬಂದರು. ಅವರದೂ ಅದೇ ಬೇನೆ, ಅದೇ ಇಂಜೆಕ್ಷನ್ನು. ಅವರಿಗೆ ಕೊಟ್ಟ ಮೇಲೂ ಬಾಟಲಿಯಲ್ಲಿ ಒಂದಿಷ್ಟು ಉಳಿಯಿತು. ಅದನ್ನು ಎಸೆಯುವ ಫೋಟೋ ತೆಗೆದು ಕಳಿಸಿದರೆ ನಮ್ಮ ಆಸ್ಪತ್ರೆಯ ಪದ್ಧತಿ ಕಂಪನಿಗೆ ಮನವರಿಕೆಯಾಗುತ್ತದಲ್ಲ!

"ಸರ, ಅದು ಔಷಧದ ಕಸ. ಬರಿಗೈಲೆ ಮುಟ್ಟಬ್ಯಾಡ್ರಿ" ಎಂದು ಸುವರ್ಣಾ ಸಿಸ್ಟರ್ ಗದರಿಸಿದರು.

ನಾನು ಕೈಗವಸು ಹಾಕಿಕೊಂಡೆ. ಅಂಗಿಗೆ ಹನಿ ಬೀಳಬಾರದೆಂದು ಗೂಟಕ್ಕೆ ನೇತುಹಾಕಿದ್ದ, ರೋಗಿಗಳಿಗೆ ತೊಡಿಸುವ ಹಸಿರು ನಿಲುವಂಗಿ ತೊಟ್ಟೆ. ತಲೆ ಬಾಚಿಕೊಂಡೆ. ಕಿಟಕಿಯ ಬೆಳಕು ಮಂಚದ ಮೇಲೆ ಚೆನ್ನಾಗಿ ಬೀಳುತ್ತಿತ್ತು. ಮಂಚದ ಮೇಲೆ ಕುಳಿತು, ಬಾಟಲಿಯನ್ನು ಹಳದಿ ಬಕೆಟ್ಟಿನ ಮೇಲೆ ಹಿಡಿದು ಕ್ಯಾಮೆರಾ ನೋಡಿ ಸಣ್ಣಗೆ ನಕ್ಕೆ. ಸಿಸ್ಟರ್ ನಿಟ್ಟುಸಿರು ಬಿಟ್ಟು ಫೋಟೋ ತೆಗೆದರು. ಶೋಭಾಳ ಕ್ಲೇಮಿನ ನಂಬರು ಹಾಕಿ ಕಳಿಸಿಬಿಟ್ಟೆ. ನನ್ನ ಷಷ್ಟ್ಯಬ್ದಿಯ ಫೋಟೋಕ್ಕಿಂತ ಚೆನ್ನಾಗಿ ಬಂದಿತ್ತು.

ಈ ಸಲ ಉತ್ತರ ಬೇಗ ಬಂತು. 'ಕ್ಲೇಮು ನಲವತ್ತೊಂದು ವರ್ಷದ ಮಹಿಳೆಯದು. ಕಳಿಸಿರುವ ಚಿತ್ರದಲ್ಲಿ ಮಂಚದ ಮೇಲಿರುವ ರೋಗಿ ಸುಮಾರು ಅರವತ್ತೈದು ವರ್ಷದ ಪುರುಷ. ವಂಚನೆಯ ಅನುಮಾನವಿರುವುದರಿಂದ ತನಿಖಾಧಿಕಾರಿಯನ್ನು ಕಳುಹಿಸಲಾಗುವುದು.'

ನನಗಿನ್ನೂ ಅರವತ್ತೊಂದು! ಅದೇ ಮೊದಲು ನೋವಾಯಿತು. ವಂಚನೆ ಎಂಬ ಪದ ಆಮೇಲೆ ನಾಟಿತು.

ಮಧ್ಯಾಹ್ನ ಊಟಕ್ಕೆ ಮನೆಗೆ ಹೋದಾಗ ಎಲ್ಲವನ್ನೂ ಹೆಂಡತಿಯ ಮುಂದೆ ಹೇಳಿದೆ. ಆಕೆ ಸಾರಿನ ಸೌಟು ಹಿಡಿದುಕೊಂಡೇ ಕೇಳಿದಳು.

"ಡಾಕ್ಟರ್‌ಗ ಹೇಳೀರೇನು?"

"ಇಲ್ಲ. ಅಂವ ಬೆಳಗಾವಿಗೆ ಡಾಕ್ಟರ್ ಮಂದಿ ಸಭಾಕ್ಕ ಹೋಗ್ಯಾನ. ಬರೋದ್ರಾಗ ನಾನ ಸರಿಮಾಡ್ತೇನಿ."

"ನೀವು ಸರಿಮಾಡ್ತೀರಿ ಅಂದ್ರ ನನಗ ಅಂಜಕಿ ಬರ್ತೈತಿ. ಆ ಶೋಭಾಗ ಏನರ ಆದ್ರ ನಾ ಮೂಡಲಗಿ ಕಡೆ ಮಾರಿ ತೋರಸೂದ ಹೆಂಗ? ನನ್ನ ಇಳಕಲ್ ಸೀರಿ ಬ್ಲೌಸ್ ಆಕಿ ಹಂತ್ಯಾಕ ಐತಿ!"

ಆ ಮಾತು ನನ್ನನ್ನು ಚುಚ್ಚಿತು. ಸಾರಿನಲ್ಲಿ ಕೈ ಅದ್ದಿಕೊಂಡೇ ಯೋಚಿಸಿದೆ. ತಕರಾರು ಇರುವುದೆಲ್ಲ ಉಳಿದ ಔಷಧದ ಬಗ್ಗೆ. ಉಳಿಯದಂತೆ ಮಾಡಿಬಿಟ್ಟರೆ? ಶೋಭಾಗೆ ಬೇಕಾದ್ದು ಒಂದೂವರೆ ಬಾಟಲಿ. ಹುಕ್ಕೇರಿಯ ಈರಪ್ಪ ಕಾಕಾಗೆ ಒಂದೂಮುಕ್ಕಾಲು. ಮೇಲವಂಕಿಯ ಲಕ್ಕವ್ವ ಎಂಬಾಕೆಗೂ ಒಂದೂಮುಕ್ಕಾಲು. ಮೂರನ್ನೂ ಕೂಡಿಸಿದೆ. ಐದು! ಸರಿಯಾಗಿ ಐದು! ಮೂವರನ್ನೂ ಒಂದೇ ದಿನ ಕರೆಸಿ ಒಬ್ಬರ ಉಳಿಕೆಯನ್ನು ಇನ್ನೊಬ್ಬರಿಗೆ ಕೊಟ್ಟರೆ ಒಂದು ಹನಿಯೂ ಉಳಿಯುವುದಿಲ್ಲ. ಉಳಿಕೆ ಇಲ್ಲದಿದ್ದರೆ ಕೋಡ್ ಇಲ್ಲ. ಕೋಡ್ ಇಲ್ಲದಿದ್ದರೆ ತಕರಾರು ಇಲ್ಲ! ಇಷ್ಟು ಸರಳ ಉಪಾಯ ಇಡೀ ವೈದ್ಯಲೋಕಕ್ಕೆ ಹೊಳೆಯದೆ, ಕನ್ನಡ ಮಾಸ್ತರನೊಬ್ಬನಿಗೆ ಹೊಳೆಯಬೇಕೆ! ಅನ್ನಕ್ಕೆ ಮೊಸರು ಹಾಕಿಸಿಕೊಳ್ಳುವುದನ್ನೂ ಮರೆತು ಎದ್ದೆ.

ಶೋಭಾಳ ಇಂಜೆಕ್ಷನ್ನು ಗುರುವಾರಕ್ಕೆ ಇತ್ತು. ಲಕ್ಕವ್ವನದೂ ಅದೇ ವಾರ. ಮೂವರಿಗೂ ಫೋನು ಮಾಡಿದೆ. ಈರಪ್ಪ ಕಾಕಾನೊಡನೆ ಮಾತು ಹೀಗಾಯಿತು.

"ಕಾಕಾ, ಗುರುವಾರ ತಪ್ಪದ ಬರ್ರಿ. ಆದ್ರ ತೂಕ ಬದಲಾಗಬಾರದು."

"ಅಂದ್ರ ಏನ್ ಮಾಡ್ಬೇಕೋ ಮಾಸ್ತರ? ಊಟ ಬಿಡ್ಲ್ಯಾ?"

"ಬಿಡಬ್ಯಾಡ್ರಿ. ಹೆಚ್ಚೂ ಉಣಬ್ಯಾಡ್ರಿ. ಇದ್ದಂಗ ಇರ್ರಿ."

"ಬುಧವಾರ ತಂಗಿ ಮಗಳ ಮದಿವಿ ಐತಲ್ಲೋ! ಹೋಳಿಗಿ ಊಟ!"

"ಎರಡ ಹೋಳಿಗಿ. ಅದಕ್ಕಿಂತ ಮುಂದ ಹೋಗಬ್ಯಾಡ್ರಿ!" ಎಂದು ಕಟ್ಟಪ್ಪಣೆ ಮಾಡಿದೆ.

ಗುರುವಾರ ಹತ್ತಕ್ಕೇ ಮೂವರೂ ಬಂದಿದ್ದರು. ಲಕ್ಕವ್ವ ಕುರಿಗಳನ್ನು ಮೈದುನನಿಗೆ ಒಪ್ಪಿಸಿ, ಮೇಲವಂಕಿಯಿಂದ ಮೊದಲ ಬಸ್ಸಿಗೇ ಬಂದಿದ್ದಳು. ಶೋಭಾ ತೊಡೆಯ ಮೇಲೆ ಬಟ್ಟೆಯ ಚೀಲ ಇಟ್ಟುಕೊಂಡು ಬೆಂಚಿನ ಮೇಲೆ ಕುಳಿತಿದ್ದಳು. ಮಂಜೂರಾತಿ ಬಂದಿಲ್ಲವೆಂದು ಆಕೆಗೆ ನಾನು ಹೇಳಿರಲಿಲ್ಲ. ಬೆರಳುಗಳನ್ನು ಒಂದೊಂದಾಗಿ ಮಡಚಿ ಬಿಚ್ಚಿ ನೋಡಿಕೊಳ್ಳುತ್ತಿದ್ದಳು.

"ಎಂಟ ವಾರ ಮುಗೀತ ಬಂದಂಗ ಮತ್ತ ಸ್ವಲ್ಪ ಬಿಗೀತಾವ್ರಿ ಸರ. ಇವತ್ತ ಹಾಕಿಸಿಕೊಂಡೆ ಅಂದ್ರ ಹಗರ ಆಕ್ಕಾವ. ಲಗ್ನದ ಸೀಜನ್ ಐತ್ರಿ, ಇಪ್ಪತ್ತಮೂರ ಬ್ಲೌಸ್ ಒಪ್ಪಿಕೊಂಡೇನಿ" ಎಂದಳು.

ಬೇಗ ಬೇಗ ತೂಕದ ಯಂತ್ರ ಎಳೆದು ತಂದೆ.

ಶೋಭಾ ಸರಿಯಾಗಿ ಐವತ್ತು ಕಿಲೋ. ಭೇಷ್! ಲಕ್ಕವ್ವ ಐವತ್ತೆಂಟು. ಭಲೇ! ಈರಪ್ಪ ಕಾಕಾ ಹತ್ತಿದರು. ಒಂದೂಮುಕ್ಕಾಲು ಬಾಟಲಿಗೆ ಇರಬೇಕಾದದ್ದು ಐವತ್ತೆಂಟು, ಮುಳ್ಳು ಅರವತ್ತೆರಡರ ಮೇಲೆ ನಿಂತಿತು.

"ಕಾಕಾ! ಎಷ್ಟ ಹೋಳಿಗಿ ತಿಂದ್ರಿ?"

"ನೀ ಎರಡ ಅಂತ ಹೇಳಿದ್ಯಲ್ಲೋ. ಎರಡೂ ಪಂಗತ್ಯಾಗ ಕುಂತೆ."

ಕಾಕಾನ ರುಮಾಲು ತೆಗೆಸಿದೆ. ಕೋಟು ತೆಗೆಸಿದೆ. ಕೋಟಿನ ಕಿಸೆಯಿಂದ ಅಡಕೊತ್ತು, ಸುಣ್ಣದ ಡಬ್ಬಿ, ಎರಡು ಕೀಲಿಗೊಂಚಲು, ಮದುವೆಯಲ್ಲಿ ಕೊಟ್ಟ ತೆಂಗಿನಕಾಯಿ ಹೊರಬಂದವು. ಆದರೂ ಅರವತ್ತು. ನಾನು ಅವರ ಕಡೆ ದೀನನಾಗಿ ನೋಡಿದೆ.

"ಧೋತರಕ್ಕ ಕೈ ಹಚ್ಚಬ್ಯಾಡ ನೋಡ ಮಾಸ್ತರ!" ಎಂದು ಕಾಕಾ ಎರಡು ಹೆಜ್ಜೆ ಹಿಂದೆ ಸರಿದರು.

"ಇರ್ಲಿ, ನಡೀತೈತಿ!" ಎಂದು ನಾನು ಮೂವರ ಮುಂದೆ ನಿಂತು, ತರಗತಿಯ ದನಿಯಲ್ಲಿ ಘೋಷಿಸಿದೆ. "ಎಲ್ಲಾರೂ ಕೇಳ್ರಿ! ಇವತ್ತ ಆರು ಬಾಟ್ಲಿ ಕೆಲಸ ಐದರಾಗ ಮುಗಸ್ತೇವಿ! ಶೋಭಾ ಬಾಟ್ಲ್ಯಾಗಿಂದು ಲಕ್ಕವ್ವಗ, ಲಕ್ಕವ್ವನ ಬಾಟ್ಲ್ಯಾಗಿಂದು ಕಾಕಾಗ! ಹೊರಗ ಯಾರ್ ಮುಂದೂ ಹೇಳಬ್ಯಾಡ್ರಿ!"

ಕೊನೆಯ ಮಾತನ್ನು ನಾನು ಏಕೆ ಆಡಿದೆನೋ ಇಂದಿಗೂ ತಿಳಿಯದು. ಸಂತೋಷನಿಗೆ ಆಶ್ಚರ್ಯ ಕೊಡಬೇಕೆಂಬುದಷ್ಟೇ ನನ್ನ ಮನಸ್ಸಿನಲ್ಲಿತ್ತು. ಆದರೆ ಬಾಗಿಲಲ್ಲಿ ಒಬ್ಬ ಅಪರಿಚಿತ ವ್ಯಕ್ತಿ, ಕೈಯಲ್ಲಿ ವಹಿ ಹಿಡಿದು, ನಾನು ಆಡಿದ್ದನ್ನು ಅಕ್ಷರಶಃ ಬರೆದುಕೊಳ್ಳುತ್ತಿದ್ದ.

"ನಮಸ್ಕಾರ್ರಿ. ನಾನು ವಿಮಾ ಕಂಪನಿ ತನಿಖಾಧಿಕಾರಿ" ಎಂದ. ನನ್ನ ಮುಖವನ್ನು ದಿಟ್ಟಿಸಿದ. ಮೊಬೈಲ್ ತೆಗೆದು ಅದರಲ್ಲಿದ್ದ ಫೋಟೋ ನೋಡಿದ. ಮತ್ತೆ ನನ್ನ ಮುಖ ನೋಡಿದ. "ಶೋಭಾ ಅಂದ್ರ ನೀವಾ?"

ಬೆಂಚಿನ ಮೇಲಿದ್ದ ಲಕ್ಕವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

ಅತಿಥಿ ಬಂದಾಗ ಏನಾದರೂ ಕೊಡುವುದು ನಮ್ಮ ಕಡೆಯ ರೀತಿ. ಮೇಜಿನ ಡ್ರಾದಲ್ಲಿ ನಮ್ಮೂರಿನ ಸಿಹಿ, ಕರದಂಟಿನ ಪೊಟ್ಟಣವಿತ್ತು. ತೆಗೆದು ಮುಂದೆ ಹಿಡಿದೆ. ಆತ ವಹಿಯಲ್ಲಿ ಬರೆದುಕೊಳ್ಳುತ್ತಾ ಗಟ್ಟಿಯಾಗಿ ಓದಿದ: "ಬಂದ ಎರಡ ನಿಮಿಷದಾಗ ಕರದಂಟು ಕೊಡಾಕ ಬಂದ್ರು."

ಅದೇ ಹೊತ್ತಿಗೆ ಬೆಳಗಾವಿಯಿಂದ ಸಂತೋಷನೂ ಬಂದಿಳಿದ. ಮೂವರು ರೋಗಿಗಳು, ತೂಕದ ಯಂತ್ರ, ರುಮಾಲಿಲ್ಲದ ಈರಪ್ಪ ಕಾಕಾ, ಕರದಂಟು ಹಿಡಿದು ನಿಂತ ನಾನು. ಆತ ಎಲ್ಲವನ್ನೂ ನೋಡಿದ. ನಾನು ನನ್ನ ಐದು ಬಾಟಲಿಯ ಉಪಾಯವನ್ನು ತೊದಲಿದೆ.

"ಸರ!" ಎಂದ ಸಂತೋಷ. ಆ ದನಿಯಲ್ಲಿ ಆತ ಎಂದೂ ನನ್ನೊಡನೆ ಮಾತಾಡಿರಲಿಲ್ಲ. "ಒಂದ ಬಾಟ್ಲಿ ಒಬ್ಬ ಪೇಶಂಟಿಗೆ ಅಷ್ಟ. ಒಬ್ಬರದು ಇನ್ನೊಬ್ಬರಿಗೆ ಕೊಟ್ರ ನಂಜ ಏರತೈತ್ರಿ. ಬಾಟ್ಲಿ ಮ್ಯಾಲ ಬರದಾರ, ಓದಿಲ್ಲೇನ್ರಿ?"

ಓದಿರಲಿಲ್ಲ.

"ಮತ್ತ ಈರಪ್ಪ ಕಾಕಾಗ ಎರಡ ವಾರದ ಹಿಂದ ಇಂಜೆಕ್ಷನ್ ಆಗೇತಲ್ರಿ! ಇನ್ನ ಆರ ವಾರ ಬಿಟ್ಟ ಬರ್ಬೇಕು. ಇವತ್ತ ಯಾಕ ಕರಸೀರಿ?"

ನಾನು ಕಾಕಾನ ಕಡೆ ತಿರುಗಿದೆ. ಎರಡು ವಾರದ ಹಿಂದೆ ಅವರ ಬಾಟಲಿಯನ್ನೇ ಕೈಯಲ್ಲಿ ಹಿಡಿದು ನಾನು ಫೋಟೋ ತೆಗೆಸಿಕೊಂಡಿದ್ದು! "ಕಾಕಾ, ನೀವರ ಹೇಳಬಾರದಾ?"

"ಮಾಸ್ತರ ಕರದಾನಂದ್ರ ಏನರ ಇರಬೇಕಂತ ಬಂದ್ನೆಪಾ. ನೀ ಊಟದ ಸುದ್ದಿ ಬ್ಯಾರೆ ತಗದಿ. ಇಲ್ಲೂ ಏನರ ಕಾರ್ಯಕ್ರಮ ಐತಿ ಅಂತ ತಿಳದೆ" ಎಂದು ಕಾಕಾ ರುಮಾಲು ಸುತ್ತಿಕೊಂಡರು.

ತನಿಖಾಧಿಕಾರಿ ವಹಿಯ ಪುಟ ಮಗುಚಿದ. "ಡಾಕ್ಟರ್ರ, ಇದು ಸರಿ ಕಾಣಾಕತ್ತಿಲ್ರಿ. ಬಾಟ್ಲಿ ಒಡದೈತಿ ಅಂತ ಕೋಡ್ ಹಾಕ್ಯಾರ. ಒಡದಿಲ್ಲಂತ ಪತ್ರ ಬರದಾರ. ಹೆಣ್ಮಗಳ ಕ್ಲೇಮಿಗೆ ಇವರ ಫೋಟೋ ಹಚ್ಚ್ಯಾರ. ಈಗ ಬಾಟ್ಲಿ ಹಂಚ್ಕೋಳಾಕ ಮಂದೀನ ಕೂಡ್ಸ್ಯಾರ. ಆ ಹೆಣ್ಮಗಳಿಗೆ ಖರೇನ ಔಷಧ ಹೋಗೇತಿ ಅನ್ನೂದಕ್ಕ ಏನ್ ಗ್ಯಾರಂಟಿ?"

ಆಗಲೇ ಶೋಭಾಗೆ ವಿಷಯ ಅರ್ಥವಾದದ್ದು. "ಸರ, ನನ್ನ ಇಂಜೆಕ್ಷನ್ ಬಂದ್ ಆತೇನ್ರಿ?" ಎಂದು ನನ್ನನ್ನು ಕೇಳಿದಳು.

ಮೂವತ್ತೆರಡು ವರ್ಷಗಳಲ್ಲಿ ನಾನು ಉತ್ತರ ಬಾರದ ಎಷ್ಟೋ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ನಿಲ್ಲುವುದು ಹೇಗಿರುತ್ತದೆ ಎಂದು ಅಂದು ತಿಳಿಯಿತು. "ತಪ್ಪು ನಂದವ್ವ. ನಿಂದೇನೂ ಇಲ್ಲ" ಎಂದೆ.

ಆಕೆ ಎದ್ದು ತನಿಖಾಧಿಕಾರಿಯ ಮುಂದೆ ಬಂದು, ಎರಡೂ ಕೈ ಚಾಚಿದಳು.

"ಗ್ಯಾರಂಟಿ ಬೇಕೇನ್ರಿ? ನೋಡ್ರಿ ಈ ಕೈ. ವರ್ಷದ ಹಿಂದ ಈ ಬೆರಳ್ಲೆ ಚಾದ ಕಪ್ ಹಿಡ್ಯಾಕ ಬರ್ತಿದ್ದಿಲ್ಲ. ನನ್ನ ಜಡಿ ನನ್ನ ಗಂಡ ಹಾಕತಿದ್ದ!"

ಚೀಲದಿಂದ ಉದ್ದನೆಯ ಕತ್ತರಿ ತೆಗೆದಳು. ಒಂದು ಮೀಟರಿನ ಹಸಿರು ಬ್ಲೌಸ್ ಪೀಸು ತೆಗೆದಳು. ನನ್ನ ಮೇಜಿನ ಕಾಗದಗಳನ್ನೆಲ್ಲ ಒಂದು ಕಡೆ ಸರಿಸಿ ಬಟ್ಟೆ ಹಾಸಿ, ಸೀಮೆಸುಣ್ಣದಿಂದ ಗೆರೆ ಹಾಕಿದಳು. ಕತ್ತರಿ ಕರಕರನೆ ಓಡಿತು. ಬೆನ್ನು, ಎದೆ, ತೋಳು ಬೇರೆ ಬೇರೆಯಾಗಿ ಬಿದ್ದವು. ಎಲ್ಲೂ ಕೈ ತಡೆಯಲಿಲ್ಲ. ಕೊನೆಗೆ ಒಂದು ಗೇಣಿನಷ್ಟು ಪಟ್ಟಿ ಉಳಿಯಿತು. ಅದನ್ನು ಎತ್ತಿ ತನಿಖಾಧಿಕಾರಿಯ ಮುಂದೆ ಹಿಡಿದಳು.

"ಇದು ಉಳೀತು. ಅಂಗಡ್ಯಾಗ ಬ್ಲೌಸ್ ಪೀಸ್ ಕೊಡೂದ ಇಷ್ಟರಾಗ. ಕಮ್ಮಿ ಕೇಳಿದ್ರ ಕೊಡೂದಿಲ್ಲ. ಅಳತಿ ಗೊತ್ತ ಮಾಡಿದವರು ನಾನೂ ಅಲ್ಲ, ಈ ಡಾಕ್ಟರ್ರೂ ಅಲ್ಲ. ಈ ತುಂಡು ಇನ್ನೊಬ್ಬಾಕಿ ಬ್ಲೌಸಿಗೆ ಹಚ್ಚಾಕ ಬರ್ತೈತೇನ್ರಿ? ಇಲ್ಲ. ಹಂಗಂತ ಗಿರಾಕಿ ಬಂದು 'ನಾ ಪೂರಾ ಮೀಟರಿನ ರೊಕ್ಕ ಕೊಡೂದಿಲ್ಲ, ತುಂಡಿಂದು ಹಿಡೀರಿ' ಅಂದ್ರ ನಡೀತೈತೇನ್ರಿ? ನಿಮ್ಮ ಮನಿಯಾಕಿ ಬ್ಲೌಸ್ ಹೊಲಸೂದಿಲ್ಲೇನ್ರಿ? ಆಕೀನ ಕೇಳ್ರಿ!"

ಮನಿಯಾಕಿಯ ಹೆಸರು ಬಂದ ಕೂಡಲೇ ತನಿಖಾಧಿಕಾರಿಯ ಪೆನ್ನು ನಿಂತಿತು.

"ಇದು ನಮ್ಮ ಕಂಪನಿಗೂ ಗೊತ್ತೈತ್ರಿ ಅಕ್ಕಾರ" ಎಂದ ಆತ ಮೆತ್ತಗೆ. "ಸಣ್ಣಕ್ಕಿಂತ ಸಣ್ಣ ಬಾಟ್ಲಿ ತಂದೂ ಉಳದಿದ್ರ, ಉಳದದ್ದಕ್ಕೂ ನಾವು ಕೊಡತೇವಿ. ಆದ್ರ ಎಷ್ಟ ಹಾಕಿದ್ರಿ, ಎಷ್ಟ ಚೆಲ್ಲಿದ್ರಿ ಅಂತ ಅವತ್ತ ಬರದಿಟ್ಟಿರಬೇಕು. ಅಂಥ ಕಾಗದ ಒಂದೂ ಬಂದಿಲ್ಲಲ್ರಿ."

ಸುವರ್ಣಾ ಸಿಸ್ಟರ್ ಒಳಗೆ ಹೋಗಿ ಒಂದು ಫೈಲು ತಂದು ಮೇಜಿನ ಮೇಲೆ ಬಿಚ್ಚಿದರು. ಶೋಭಾಳ ಚಾರ್ಟು. ಮೂರೂ ಇಂಜೆಕ್ಷನ್ನುಗಳ ದಿನದಂದು, ಅವರ ಗುಂಡು ಅಕ್ಷರದಲ್ಲಿ, ಒಂದು ಸಾಲು: ತೆರೆದದ್ದು ಎರಡು ಬಾಟಲಿ. ಕೊಟ್ಟದ್ದು ಒಂದೂವರೆ. ಚೆಲ್ಲಿದ್ದು ಅರ್ಧ. ವೇಳೆ. ಬಾಟಲಿಯ ನಂಬರು. ಸಹಿ. ಪಕ್ಕದಲ್ಲಿ ಇನ್ನೊಬ್ಬ ನರ್ಸಿನ ಸಹಿ.

"ಇದು ಮದಲಿನಿಂದ ಇತ್ತೇನ್ರಿ?" ಎಂದೆ.

"ಹೌದ್ರಿ."

"ನನಗ ಯಾಕ ಹೇಳಲಿಲ್ರಿ?"

"ನೀವು ಕೇಳಲಿಲ್ರಿ ಸರ. ನೀವು ಪತ್ರ ಬರ್ಯಾಕತ್ತಿದ್ರಿ."

ತನಿಖಾಧಿಕಾರಿ ಚಾರ್ಟನ್ನು ಎರಡು ಸಲ ಓದಿದ. ಕಂಪ್ಯೂಟರಿನ ಮುಂದೆ ನನ್ನನ್ನು ಕೂಡಿಸಿ ಆ ಕೋಡುಗಳ ಪಟ್ಟಿಯನ್ನು ತೆರೆಸಿದ. "ನೋಡ್ರಿ ಸರ. ಇಲ್ಲಿ 'ವೇಸ್ಟ್' ಎರಡ ಅದಾವು. ನೀವು ಒತ್ತಿದ್ದು ಬಿದ್ದು ಒಡದದ್ದು. ಅದರ ತೆಳಗಿಂದು, ಪೇಶಂಟಿಗೆ ಕೊಟ್ಟ ಉಳದದ್ದು. ಬಳಸಿದ್ದು ಒಂದ ಸಾಲಿನ್ಯಾಗ, ಉಳದದ್ದು ಬ್ಯಾರೆ ಸಾಲಿನ್ಯಾಗ. ಸಿಸ್ಟರ್ ಅವರ ಚಾರ್ಟಿನ ಈ ಪುಟ ಹಚ್ಚಿ ಕಳಸ್ರಿ. ಮುಗೀತು."

ಒಂದು ಸಾಲು ಕೆಳಗೆ! ಎಂಟು ವಾರ, ಮೂರು ಪುಟದ ಪತ್ರ, ಒಂದು ಫೋಟೋ, ಮೂರು ಊರಿನ ಮಂದಿ, ಎಲ್ಲದಕ್ಕೂ ಮದ್ದು ಒಂದೇ ಒಂದು ಸಾಲು ಕೆಳಗೆ ಇತ್ತು! ನಾನು ಎರಡು ನಿಮಿಷದಲ್ಲಿ ತುಂಬಿದೆ. ಈ ಸಲ ಪೂರ್ತಿ ಓದಿ, ಗಟ್ಟಿಯಾಗಿ ಓದಿ, ಮತ್ತೊಮ್ಮೆ ಓದಿ ಒತ್ತಿದೆ. ತನಿಖಾಧಿಕಾರಿ ಹೊರಗೆ ಹೋಗಿ ತನ್ನ ಕಚೇರಿಗೆ ಫೋನು ಮಾಡಿದ. ನಾವೆಲ್ಲ ಕಿಟಕಿಯಿಂದ ಆತನ ತಲೆಯನ್ನೇ ನೋಡುತ್ತಿದ್ದೆವು. ಅದು ಒಮ್ಮೆ ಅಡ್ಡ ಆಡಿತು. ಈರಪ್ಪ ಕಾಕಾ "ಹೋತು!" ಎಂದರು. ಆಮೇಲೆ ಉದ್ದ ಆಡಿತು. ಮತ್ತೆ ಉದ್ದ ಆಡಿತು!

ಹನ್ನೆರಡೂವರೆಗೆ ನನ್ನ ಪರದೆಯ ಮೇಲೆ ಹಸಿರು ಅಕ್ಷರ ಮೂಡಿತು. ಹಿಂದಿನ ಕ್ಲೇಮು ಮಂಜೂರು. ಮುಂದಿನ ಇಂಜೆಕ್ಷನ್ನೂ ಮಂಜೂರು. ಉಳಿದ ಅರ್ಧ ಬಾಟಲಿ ಸಮೇತ!

ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಲಕ್ಕವ್ವ ತಟ್ಟಿದಳು. ಕಾಕಾ ತೆಂಗಿನಕಾಯಿಯನ್ನು ಹೊಸ್ತಿಲಿಗೆ ಒಡೆದೇಬಿಟ್ಟರು. ಸುವರ್ಣಾ ಸಿಸ್ಟರ್ ನಕ್ಕರು. ಅವರಿಗೆ ಹಲ್ಲುಗಳಿವೆ ಎಂದು ಅಂದೇ ನನಗೆ ಗೊತ್ತಾಗಿದ್ದು. ಶೋಭಾಳನ್ನು ಒಂದು ಮಂಚದ ಮೇಲೆ, ಲಕ್ಕವ್ವನನ್ನು ಪಕ್ಕದ ಮಂಚದ ಮೇಲೆ ಮಲಗಿಸಿ, ಅವರವರ ಬಾಟಲಿಯ ಔಷಧ ಅವರವರಿಗೇ ಹಾಕಿದರು. ಶೋಭಾಳ ಕೈಗೆ ಹನಿ ಹನಿಯಾಗಿ ಔಷಧ ಇಳಿಯುವುದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಆಕೆ ಕಣ್ಣು ಮುಚ್ಚಿಕೊಂಡಿದ್ದಳು. ನನ್ನ ಕನ್ನಡಕ ಏಕೋ ಮಬ್ಬಾಯಿತು. ಒರೆಸಿಕೊಂಡೆ. ಹೊರಗೆ ತನಿಖಾಧಿಕಾರಿ ಕಾಕಾನ ಪಕ್ಕದಲ್ಲಿ ಕುಳಿತು ಕೊಬ್ಬರಿ ತಿನ್ನುತ್ತಿದ್ದ. ಕರದಂಟಿನ ಪೊಟ್ಟಣ ಮಾತ್ರ ಮುಟ್ಟಲಿಲ್ಲ. ಪ್ರಾಮಾಣಿಕ ಮನುಷ್ಯ!

ಅಂದಿನಿಂದ ನಮ್ಮ ಆಸ್ಪತ್ರೆಯ ಒಂದು ಕ್ಲೇಮೂ ತಿರುಗಿ ಬಂದಿಲ್ಲ. ಈ ಸುದ್ದಿ ಹೇಗೋ ಹರಡಿ, ಹುಕ್ಕೇರಿಯ ಒಂದು ಆಸ್ಪತ್ರೆಯ ಗುಮಾಸ್ತರು, ಮೂಡಲಗಿಯಿಂದ ಇಬ್ಬರು ನನ್ನ ಬಳಿ ಬಂದು ಉಳಿದ ಔಷಧದ ಕೋಡ್ ಹಾಕುವ ಬಗೆ ಕೇಳಿಕೊಂಡು ಹೋದರು. ನಾನು ಬೋರ್ಡು ತರಿಸಿ, ಎರಡು ಸಾಲು ಬರೆದು, ಮುಕ್ಕಾಲು ತಾಸು ವ್ಯಾಖ್ಯಾನ ಮಾಡಿದೆ. ಪ್ರಶ್ನೆ ಕೇಳಿದಾಗ ಸುವರ್ಣಾ ಸಿಸ್ಟರ್ ಉತ್ತರ ಹೇಳಿದರು. ಒಟ್ಟಿನಲ್ಲಿ ವಿಜಯ! ನನ್ನ ಹೆಸರು ಗೋಕಾಕದಾಚೆಗೂ ಹೋಯಿತು.

ತಿಂಗಳ ನಂತರ ಹೆಂಡತಿಯ ಇಳಕಲ್ ಸೀರೆಯ ಬ್ಲೌಸು ತರಲು ಇಬ್ಬರೂ ಮೂಡಲಗಿಗೆ ಹೋದೆವು. ಶೋಭಾಳ ಅಂಗಡಿಯ ಶಟರು ಪೂರ್ತಿ ಮೇಲಕ್ಕೆ ಏರಿತ್ತು. ಒಳಗಿನಿಂದ ಕತ್ತರಿಯ ಸದ್ದು ರಸ್ತೆಯವರೆಗೆ ಕೇಳುತ್ತಿತ್ತು. ಆಕೆ ನಮ್ಮನ್ನು ಕೂಡಿಸಿ, ಚಹಾ ತರಿಸಿ, ಕಪಾಟಿನಿಂದ ತಿಳಿನೀಲಿ ಬಣ್ಣದ ಹೊಸ ಬಟ್ಟೆ ತೆಗೆದಳು.

"ಸರ, ಗಂಡಸರ ಅಂಗಿ ನಾ ಹೊಲ್ಯಾಂಗಿಲ್ಲ. ಆದ್ರ ನಿಮಗೊಂದ ಹೊಲೀಬೇಕಂತ ತಂದೇನಿ. ಬ್ಯಾಡ ಅನಬ್ಯಾಡ್ರಿ" ಎಂದಳು.

ನಾನು ಸಂಕೋಚಪಟ್ಟಂತೆ ನಟಿಸಿ ಎದ್ದು ನಿಂತೆ. ಎರಡೂ ಕೈ ಅಗಲಿಸಿದೆ. ವಿಜಯಶಾಲಿಯ ನಿಲುವು! ಆಕೆ ಟೇಪಿನಿಂದ ಭುಜ ಅಳೆದಳು. ಎದೆ ಅಳೆದಳು. ಹೊಟ್ಟೆಯ ಸುತ್ತ ಟೇಪು ತಂದಳು. ಎರಡು ತುದಿ ಸೇರುವ ಹೊತ್ತಿಗೆ ಸ್ವಲ್ಪ ತಡೆದಳು. ಬಟ್ಟೆ ನೋಡಿದಳು. ಮತ್ತೆ ಟೇಪು ನೋಡಿದಳು. ಏನು ಹೇಳುವುದೆಂದು ತೋಚದೆ ನನ್ನ ಹೆಂಡತಿಯ ಮುಖ ನೋಡಿದಳು.

"ಹೇಳವಾ, ಹೇಳು. ಅಂಜಬ್ಯಾಡ" ಎಂದಳು ಮಹಾದೇವಿ.

"ಅಕ್ಕಾರ, ಹೆಂಗರ ಮಾಡಿ ಕೂಡಸ್ತೇನ್ರಿ. ಆದ್ರ ಕಿಸೇಕ್ಕ ಬಟ್ಟಿ ಸಾಲೂದಿಲ್ರಿ."

ನನ್ನ ಹೆಂಡತಿ ನಗತೊಡಗಿದವಳು ಗೋಕಾಕದ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವವರೆಗೂ ನಗುತ್ತಲೇ ಇದ್ದಳು. ಅಂಗಿ ಬಹಳ ಚೆಂದ ಬಂದಿದೆ. ದಿನಾ ಅದನ್ನೇ ತೊಟ್ಟು ಆಸ್ಪತ್ರೆಗೆ ಹೋಗುತ್ತೇನೆ. ಪೆನ್ನನ್ನು ಮಾತ್ರ ಕಿವಿಯ ಮೇಲೆ ಸಿಕ್ಕಿಸಿಕೊಳ್ಳುತ್ತೇನೆ. ಹೊಸದಾಗಿ ಬಂದ ರೋಗಿಗಳು ನನ್ನನ್ನು ಬಡಿಗನೆಂದು ತಿಳಿದು, ಎಷ್ಟು ದಿನದಲ್ಲಿ ಬಾಗಿಲು ರಿಪೇರಿಯಾಗುತ್ತದೆ ಎಂದು ಕೇಳುತ್ತಾರೆ.